ಕಾಡಿಗೆ ವಯಸ್ಸಾಗುವುದು ಯಾವಾಗ?

ತಾಳವಾಡಿ ಅಂದರೆ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಒಂದೇ ಸಂಗತಿ. 2000ದ ಜುಲೈ 30ರ ರಾತ್ರಿ ದೊಡ್ಡ ಗಾಜನೂರಿನ ಮನೆಯಿಂದ ವೀರಪ್ಪನ್ ನಮ್ಮ ಅಣ್ಣಾವ್ರನ್ನು ಕಾಡಿಗೆ ಕರೆದುಕೊಂಡು ಹೋದದ್ದು. ಆಮೇಲೆ 108 ದಿನ ಇಡೀ ಕರ್ನಾಟಕ ಈ ಕಾಡಿನ ಕಡೆ ಮುಖ ಮಾಡಿ ಕೂತಿತ್ತು. "ಅಲ್ಲಾ, ಗಾಜನೂರು ತಮಿಳುನಾಡಿನಲ್ಲಿ ಇದೆಯಾ?" ಅಂತ ಬೆಂಗಳೂರಿನ ನೆಂಟರು ಆಗ ನಮ್ಮನ್ನು ಕೇಳಿದ್ದೂ ಉಂಟು. ಇದೆ ಸ್ವಾಮಿ, ಇಲ್ಲೇ ಇದೆ. ಗಾಜನೂರು ಮಾತ್ರ ಅಲ್ಲ, ಸುತ್ತ ಹತ್ತಾರು ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. 1956ರ ನವೆಂಬರ್ 1ಕ್ಕೆ ರಾಜ್ಯಗಳು ಹಂಚಿಕೆಯಾದಾಗ ಆಗಿನ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಅಷ್ಟೇ ಕತೆ.

ನಾವು ಇಲ್ಲಿನ ಕನ್ನಡ ಮಾಧ್ಯಮದ ಮೇಷ್ಟ್ರುಗಳು. ನಮಗೆ ಚಾಮರಾಜನಗರ ಹತ್ತಿರ, ಜಿಲ್ಲಾ ಕೇಂದ್ರ ಈರೋಡು ದೂರ. ಈರೋಡಿಗೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ ಅಮ್ಮನಿಗೆ ಕೈಮುಗಿದು ಮುಂದೆ ಹೋಗಬೇಕು. ಈ ದಾರಿಯಲ್ಲಿ ಎಡಕ್ಕೆ ನೋಡಿದರೂ ಕಾಡು, ಬಲಕ್ಕೆ ನೋಡಿದರೂ ಕಾಡು. ಇವತ್ತು ಬರೆಯಬೇಕು ಅಂತ ಕೂತಿರುವುದು ಆ ಕಾಡಿನ ಬಗ್ಗೆಯೇ. ವೀರಪ್ಪನ್ ಕತೆ ಅಲ್ಲ, ಅದನ್ನು ಬರೆದವರು ಸಾಕಷ್ಟು ಜನ ಇದ್ದಾರೆ.

ನಮ್ಮ ಕಡೆ ಕಾಡಿಗೆ 'ಸರ್ಕಾರಿ ಜಾಗ' ಅನ್ನುತ್ತಾರೆ. ಈ ಮಾತು ಇಂದು ನಿನ್ನೆಯದಲ್ಲ. 1882ರಲ್ಲಿ ಬ್ರಿಟಿಷರು ಮದ್ರಾಸ್ ಅರಣ್ಯ ಕಾಯ್ದೆ ತಂದರು. ಆ ಕಾಯ್ದೆಯ ಕೆಳಗೆ ಬೆಟ್ಟ ಬೆಟ್ಟಗಳಿಗೇ ಗೆರೆ ಹಾಕಿ, ಕಲ್ಲು ನೆಟ್ಟು, 'ರಿಸರ್ವ್ ಫಾರೆಸ್ಟ್' ಮಾಡುತ್ತಾ ಹೋದರು. ಸ್ವಾತಂತ್ರ್ಯ ಬಂದ ಮೇಲೂ ಆ ಕಲ್ಲುಗಳು ಅಲ್ಲೇ ನಿಂತವು. ಸರ್ಕಾರಕ್ಕೆ ಕಾಡು ಅಂದರೆ ಗಂಧ, ಬಿದಿರು, ದಿಮ್ಮಿ. ಬೇಕಾದ್ದನ್ನು ತೆಗೆಯುವುದಕ್ಕೆ ಲೆಕ್ಕ ಇತ್ತು, ಮತ್ತೆ ಬೆಳೆಯಿತಾ ಅಂತ ನೋಡುವುದಕ್ಕೆ ಅಷ್ಟು ಲೆಕ್ಕ ಇರಲಿಲ್ಲ. ಆಮೇಲೆ ಗಂಧದ ಕಳ್ಳರ ಕಾಲ ಬಂತು, ಅವರ ಹಿಂದೆ ಪೊಲೀಸರ ಕಾಲ ಬಂತು. ಆ ವರ್ಷಗಳಲ್ಲಿ ಜೇನಿಗೆ, ನೆಲ್ಲಿಕಾಯಿಗೆ ಹೋಗುವ ಸೋಲಿಗರೂ ಊರಾಳಿಗಳೂ ಕಾಡಿಗೆ ಕಾಲಿಡಲು ಹೆದರಿದರು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕತೆ ಮುಗಿಯಿತು. ಉಳಿದದ್ದು ಯಾರೂ ಸರಿಯಾಗಿ ನೋಡಿಕೊಳ್ಳದ ಒಂದು ದೊಡ್ಡ ಕಾಡು.

ಈ ಹಳೆಯ ಕಾಡಿಗೆ ಜೀವ ತುಂಬಬೇಕು ಅಂತ ಸರ್ಕಾರ ಹೊರಟದ್ದು ಅಲ್ಲಿಂದ ಮುಂದೆ. 2008ರಲ್ಲಿ ಸುಮಾರು 524 ಚದರ ಕಿಲೋಮೀಟರನ್ನು ಸತ್ಯಮಂಗಲ ವನ್ಯಧಾಮ ಅಂತ ಸಾರಿದರು. 2011ರಲ್ಲಿ ಅದನ್ನು ಹಿಗ್ಗಿಸಿ 1,400 ದಾಟಿಸಿದರು. 2013ರಲ್ಲಿ ಅದೇ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 793 ಚ.ಕಿ.ಮೀ. ಒಳಭಾಗ, ಅಂದರೆ ಕೋರ್. ಉಳಿದ ಸುಮಾರು 615 ಹೊರಭಾಗ, ಅಂದರೆ ಬಫರ್. ಒಂದು ಕಡೆ ಮುದುಮಲೈ, ಇನ್ನೊಂದು ಕಡೆ ಬಂಡೀಪುರ, ಮತ್ತೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಇವುಗಳ ನಡುವೆ ನಮ್ಮದು ಕೊಂಡಿ. ಆನೆ ಹುಲಿಗಳಿಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ, ಅವು ಮೂರು ಕಡೆಗೂ ಓಡಾಡುತ್ತವೆ. ಹೀಗೆ ಈರೋಡು ಜಿಲ್ಲೆಯ ಒಳಗೇ ಇನ್ನೊಂದು ಜಿಲ್ಲೆ ಹುಟ್ಟಿದ ಹಾಗಾಯಿತು. ಆ ಜಿಲ್ಲೆಗೆ ಕಲೆಕ್ಟರ್ ಇಲ್ಲ, ಫೀಲ್ಡ್ ಡೈರೆಕ್ಟರ್ ಇದ್ದಾರೆ. ತಾಲೂಕಿಲ್ಲ, ವಲಯಗಳಿವೆ.

ಇಲ್ಲಿ ಒಂದು ತಮಾಷೆ ಹೇಳಬೇಕು. ತಮಿಳುನಾಡಿನಲ್ಲಿ 2006ರ ಕಾಯ್ದೆಯ ನಂತರ ನಮ್ಮ ಮಕ್ಕಳಿಗೂ ತಮಿಳು ಕಡ್ಡಾಯ. ಅದರ ಕಷ್ಟಸುಖ ಇನ್ನೊಂದು ದಿನ ಬರೆಯೋಣ. ಆದರೆ ಅದರಿಂದ ಒಂದು ಅನುಕೂಲವೂ ಆಗಿದೆ, ಮಕ್ಕಳು ಎರಡೂ ಲಿಪಿ ಓದುತ್ತಾರೆ. ಹಾಗಾಗಿ ನಾವು ಆಗಾಗ ದಾರಿಬದಿಯ ಫಲಕ, ಬಸ್ಸಿನ ಬೋರ್ಡು, ಸರ್ಕಾರದ ನೋಟೀಸು ಇವನ್ನೆಲ್ಲ ಕನ್ನಡಕ್ಕೆ ಮಾಡಿ ತನ್ನಿ ಅಂತ ಹೇಳುತ್ತೇವೆ. ಹುಲಿ ಸಂರಕ್ಷಿತ ಪ್ರದೇಶಕ್ಕೆ ತಮಿಳಿನಲ್ಲಿ 'ಪುಲಿಗಳ್ ಕಾಪ್ಪಗಂ' ಅನ್ನುತ್ತಾರೆ. ಸತ್ಯಮಂಗಲದ ಪೇಟೆಯಲ್ಲಿ 'ಮುದಿಯೋರ್ ಕಾಪ್ಪಗಂ' ಅನ್ನುವ ಬೋರ್ಡು ನೋಡಿದ್ದ ಒಬ್ಬ ಹುಡುಗ ಎದ್ದು ನಿಂತು, "ಸಾ, ಹುಲಿಗಳಿಗೆ ವಯಸ್ಸಾಗದಾ ಸಾ?" ಅಂತ ಕೇಳಿದ. ಮುದಿಯೋರ್ ಕಾಪ್ಪಗಂ ಅಂದರೆ ವೃದ್ಧಾಶ್ರಮ! ಕ್ಲಾಸೆಲ್ಲ ಗೊಳ್ ಅಂತು. ನಾವೂ ನಕ್ಕೆವು. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಹುಲಿಗೆ ವಯಸ್ಸಾಗಿಲ್ಲ, ಸರಿ. ಕಾಡಿಗೆ?

ಇದನ್ನು ಒಬ್ಬ ಸೋಲಿಗರ ತಾತನ ಹತ್ತಿರ ಕೇಳಿದೆವು. ಅವರ ಮೊಮ್ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. "ತಾತಾ, ಕಾಡಿಗೂ ಮುಪ್ಪು ಬರ್ತದಾ?" ಅಂದರೆ, ಅವರು ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇಷ್ಟು: "ಬತ್ತದೆ ಮೇಷ್ಟ್ರೆ. ಮರ ಹಳೇದಾದ್ರೆ ಅದು ಮುಪ್ಪಲ್ಲ. ಮರದಡೀಲಿ ಸಸಿ ಏಳ್ದೆ ಹೋದ್ರೆ ಮುಪ್ಪು. ಮಕ್ಕಳಿಲ್ದ ಮನೆ ಇರ್ತದಲ್ಲ, ಅಂಗೆ."

ಒಂದನೇ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಬರುತ್ತಾರೋ ಅಂತ ಪ್ರತಿ ಜೂನ್ ತಿಂಗಳೂ ಎದೆ ಡವಗುಟ್ಟುವ ಕನ್ನಡ ಶಾಲೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ ಬಿಡಿ.

ಸಸಿ ಯಾಕೆ ಏಳುವುದಿಲ್ಲ ಅಂದರೆ, ಲಂಟಾನ. ತಮಿಳಿನಲ್ಲಿ ಉಣ್ಣಿಚ್ಚೆಡಿ. ಬಣ್ಣಬಣ್ಣದ ಪುಟ್ಟ ಹೂವಿನ ಮುಳ್ಳುಪೊದೆ, ನೀವೂ ನೋಡಿರುತ್ತೀರಿ. ಅಮೆರಿಕದ ಕಡೆಯ ಗಿಡ. ಇನ್ನೂರು ವರ್ಷದ ಹಿಂದೆ ಬ್ರಿಟಿಷರು ಚೆಂದಕ್ಕೆ ಅಂತ ಕಲ್ಕತ್ತೆಯ ತೋಟಕ್ಕೆ ತಂದು ನೆಟ್ಟದ್ದು ಈಗ ದೇಶದ ಕಾಡನ್ನೆಲ್ಲ ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಹೊನ್ನೆ ಮತ್ತಿ ನೆಲ್ಲಿ ಯಾವುದರ ಸಸಿಯೂ ತಲೆ ಎತ್ತುವುದಿಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 1997ರಲ್ಲಿ ಅವರು ಗುರುತು ಮಾಡಿದ್ದ ಜಾಗಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ಕ್ಕೆ ಅದು 81 ಆಯಿತು. ಹನ್ನೊಂದೇ ವರ್ಷಕ್ಕೆ ದುಪ್ಪಟ್ಟು! ನಮ್ಮ ಕಡೆಯ ಕಾಡಿನಲ್ಲಿ ಬೆಟ್ಟದ ಮೇಲೆ ಲಂಟಾನ, ಕೆಳಗೆ ಮೋಯಾರ್ ಹಳ್ಳದ ಕಡೆ ಬಳ್ಳಾರಿ ಜಾಲಿ.

ಇದಕ್ಕೆ ಸೋಲಿಗರು ಹೇಳುವ ಕಾರಣ ಬೇರೆಯೇ. ಹಿಂದೆ ಬೇಸಿಗೆಯ ಮೊದಲಲ್ಲೇ ಅವರು 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದ ತರಗೆಲೆ ಮಾತ್ರ ಸುಟ್ಟು, ಮರಕ್ಕೆ ತಾಗದೆ, ನೆಲದ ಮೇಲೆ ಹರಿದು ಆರಿಹೋಗುವ ಸಣ್ಣ ಬೆಂಕಿ. ಅದರಿಂದ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ಬಂದಣಿಕೆ ಹತೋಟಿಯಲ್ಲಿರುತ್ತಿತ್ತು, ಲಂಟಾನವೂ ಎಳೆಯದರಲ್ಲೇ ಸುಡುತ್ತಿತ್ತು ಅನ್ನುತ್ತಾರೆ. ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಂಕಿ ನಿಂತಿತು, ಪೊದೆ ಎದ್ದಿತು. ವಿಜ್ಞಾನಿಗಳಲ್ಲಿ ಇದನ್ನು ಒಪ್ಪುವವರಿದ್ದಾರೆ, ಇದೊಂದೇ ಕಾರಣ ಅಲ್ಲ ಅನ್ನುವವರೂ ಇದ್ದಾರೆ. ಈಗ ಸುಮ್ಮನೆ ಹೋಗಿ ಬೆಂಕಿ ಹಾಕಿದರಂತೂ ಅನಾಹುತ. ಒಣಗಿದ ಲಂಟಾನ ಏಣಿಯ ಹಾಗೆ ಬೆಂಕಿಯನ್ನು ಮರದ ತುದಿಗೆ ಹತ್ತಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಮೊದಲು ಪೊದೆ ಕೀಳಬೇಕು, ಆಮೇಲೆ ಉಳಿದ ಮಾತು.

ಈಗ 2022ಕ್ಕೆ ಬನ್ನಿ. ನಮ್ಮ ಬೆಟ್ಟದ ಮಟ್ಟಿಗೆ ಅದು ಮರೆಯಲಾಗದ ವರ್ಷ.

ಆ ಜನವರಿಯಲ್ಲಿ ಸತ್ಯಮಂಗಲಕ್ಕೆ ಟಿಎಕ್ಸ್2 ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. 2010ರಿಂದ ಈಚೆಗೆ ಹುಲಿಗಳ ಸಂಖ್ಯೆ ದುಪ್ಪಟ್ಟಿಗಿಂತ ಹೆಚ್ಚಾಗಿ 80ರ ಆಸುಪಾಸು ತಲುಪಿದೆ ಅಂತ. ನೇಪಾಳದ ಬರ್ದಿಯಾಗೂ ನಮಗೂ ಒಟ್ಟಿಗೆ ಕೊಟ್ಟರು. ಹೊಟ್ಟೆ ತುಂಬಾ ಸಂತೋಷದ ಸುದ್ದಿ, ಇದರಲ್ಲಿ ಎರಡು ಮಾತಿಲ್ಲ. ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರ ನಿಂತಿತು. ಲಾರಿಗಳಿಗೆ ಸಂಜೆ 6ರಿಂದ, ಸಣ್ಣ ಗಾಡಿಗಳಿಗೆ ರಾತ್ರಿ 9ರಿಂದ, ಬೆಳಿಗ್ಗೆ 6ರವರೆಗೆ. ರಾತ್ರಿ ಗಾಡಿಗಳ ಕೆಳಗೆ ಪ್ರಾಣಿಗಳು ಸಾಯುವುದು ನಿಲ್ಲಲಿ ಅಂತ. ಕೋಸು, ಟೊಮೆಟೊ ಬೆಳೆದವರು ಬೀದಿಗಿಳಿದರು, ಆಮೇಲೆ ಸ್ಥಳೀಯರ ಗಾಡಿಗಳಿಗೆ ಸ್ವಲ್ಪ ಸಡಿಲಿಕೆ ಸಿಕ್ಕಿತು. ಮಾರ್ಚಿಯಲ್ಲಿ ಅದೇ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಿತು. ಮೊದಲು ರಾಜ್ಯದ ಎಲ್ಲಾ ಕಾಡಿಗೂ, ಕೆಲವೇ ದಿನದಲ್ಲಿ ತಿದ್ದಿ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಹುಲಿ ಪ್ರದೇಶಗಳಿಗೆ ಮಾತ್ರ. ಅಂದರೆ ನಮಗೆ ಆ ತಿದ್ದುಪಡಿಯಿಂದ ಏನೂ ಸಿಗಲಿಲ್ಲ. ಅದೇ ವರ್ಷ ತಮಿಳುನಾಡು ಸರ್ಕಾರ ಲಂಟಾನದಂಥ ಪರದೇಶಿ ಗಿಡಗಳನ್ನು ಕಿತ್ತು ಕಾಡನ್ನು ಮತ್ತೆ ಎಬ್ಬಿಸುವುದಕ್ಕೆ ಒಂದು ನೀತಿಯನ್ನೇ ಹೊರಡಿಸಿತು.

ನೋಡಿ, ಪ್ರಶಸ್ತಿ, ತಡೆ, ಇನ್ನೊಂದು ತಡೆ, ನೀತಿ. ಎಲ್ಲವೂ ಒಂದೇ ವರ್ಷದಲ್ಲಿ. ಒಂದೊಂದಕ್ಕೂ ಒಳ್ಳೆಯ ಕಾರಣ ಇದೆ. ಆದರೆ ನಾಲ್ಕರಲ್ಲಿ ಒಂದಕ್ಕಾದರೂ ಮೊದಲೇ ನಮ್ಮ ಊರಿನ ಜನರನ್ನು ಕೂರಿಸಿಕೊಂಡು, "ನಿಮಗೆ ಹೇಗನ್ನಿಸುತ್ತದೆ?" ಅಂತ ಕೇಳಿದ್ದು ನಮಗಂತೂ ಕಾಣಲಿಲ್ಲ.

ಕೇಳದಿದ್ದರೆ ಏನಾಗುತ್ತದೆ ಅನ್ನುವುದು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ರಾಗಿ, ಮುಸುಕಿನ ಜೋಳ ತೆನೆಗೆ ಬಂದಾಗ ನಮ್ಮ ತರಗತಿಯಲ್ಲಿ ಹಿಂದಿನ ಸಾಲು ತೂಕಡಿಸುತ್ತದೆ. ಯಾಕಪ್ಪಾ ಅಂದರೆ, "ಆನೆ ಕಾಯಕೆ ಅಟ್ಟಣೇಲಿ ಇದ್ದೋ ಸಾ." ಅಪ್ಪನ ಜೊತೆ ರಾತ್ರಿಯೆಲ್ಲ ತಗಡು ಬಡಿದು, ಟಾರ್ಚು ಬಿಟ್ಟು, ಬೆಳಿಗ್ಗೆ ಶಾಲೆಗೆ ಬಂದ ಮಗುವಿಗೆ ಭಿನ್ನರಾಶಿ ಹೇಗೆ ಹೇಳಿಕೊಡುತ್ತೀರಿ? ಊರಿನ ಹತ್ತಿರ ಆನೆ ನಿಂತಿದೆ ಅಂದ ದಿನ ಕಾಡಂಚಿನ ಮಕ್ಕಳು ಬರುವುದೇ ಇಲ್ಲ. ಕರುಪ್ಪನ್ ಅಂತ ಜನ ಹೆಸರಿಟ್ಟಿದ್ದ ಒಂದು ಗಂಡಾನೆ ತಾಳವಾಡಿ, ಜೀರಹಳ್ಳಿ ಸುತ್ತಮುತ್ತ ಬಹಳ ಕಾಲ ಕಾಟ ಕೊಟ್ಟಿತು. ಕುಮ್ಕಿ ಆನೆಗಳನ್ನು ತಂದು, ಹಲವು ಸಲ ಸೋತು, ಕೊನೆಗೆ 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸಿದರು. ಒಂದು ಆನೆ ಹೋಯಿತು. ಆದರೆ ಆನೆ ಹೊಲಕ್ಕೆ ಬರುವ ಕಾರಣ ಹೋಯಿತೇ? ಕಾಡಿನೊಳಗೆ ಹುಲ್ಲಿದ್ದ ಜಾಗವನ್ನು ಪೊದೆ ತಿಂದರೆ ಹಸಿದ ಹೊಟ್ಟೆ ಎಲ್ಲಿಗೆ ಹೋಗಬೇಕು? ಲಂಟಾನವನ್ನು ಆನೆ ತಿನ್ನುವುದಿಲ್ಲ, ನಮ್ಮ ಬಾಳೆಯನ್ನು ತಿನ್ನುತ್ತದೆ.

ಸಿಟ್ಟು ಮಡುಗಟ್ಟಿದರೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ಪಕ್ಕದಲ್ಲೇ ನೋಡಿದೆವು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಹಿಡಿದ ಹಸುವಿನ ಮೈಗೆ ವಿಷ ಹಾಕಿದ್ದರು. ಐದು ಜೀವ, ಒಂದೇ ಏಟಿಗೆ. ಮಾಡಿದ್ದು ಮಹಾಪಾಪ, ಶಿಕ್ಷೆ ಆಗಲೇಬೇಕು. ಆ ವಾರ ತರಗತಿಯಲ್ಲಿ ಮಕ್ಕಳು ಬೇರೆ ಏನನ್ನೂ ಮಾತಾಡಲಿಲ್ಲ. ಆದರೆ ಕಾವಲುಗಾರರ ಸಂಖ್ಯೆ ಹೆಚ್ಚಿಸಿ ಇದನ್ನು ಪೂರ್ತಿ ತಡೆಯಬಹುದು ಅಂತ ನಮಗೆ ಅನ್ನಿಸುವುದಿಲ್ಲ. ಕಾಡು 'ಅವರದ್ದು', ಹಸು 'ನನ್ನದು' ಅನ್ನುವವರೆಗೆ ಹುಲಿ ಯಾರದ್ದೂ ಅಲ್ಲ.

ಹಾಗಂತ ಹುಲಿ ಪ್ರದೇಶ ಬೇಡ, ಸರ್ಕಾರ ಕೈಬಿಡಲಿ ಅಂತ ನಾವು ಹೇಳುತ್ತಿಲ್ಲ. ಗಂಧ ಬಿದಿರು ಹೋದ ದಾರಿಯಲ್ಲೇ ಉಳಿದದ್ದೂ ಹೋಗುತ್ತಿತ್ತು. ಗೆರೆ ಎಳೆದದ್ದರಿಂದ ಪ್ರಾಣಿ ಉಳಿದಿದೆ, ಅದನ್ನು ಒಪ್ಪಬೇಕು. 2024ರ ಜನವರಿಯಲ್ಲಿ ನಮ್ಮ ಜಿಲ್ಲೆಯಲ್ಲೇ ಅಂದಿಯೂರು, ಗೋಬಿ ಕಡೆಯ ಸುಮಾರು 805 ಚ.ಕಿ.ಮೀ. ಕಾಡನ್ನು ತಂದೈ ಪೆರಿಯಾರ್ ವನ್ಯಧಾಮ ಅಂತ ಮಾಡಿದರು. ಗೆರೆಗಳು ಇನ್ನೂ ಬರುತ್ತವೆ. ಆದರೆ ಗೆರೆ ಎಳೆದ ಮಾತ್ರಕ್ಕೆ ಸಸಿ ಏಳುವುದಿಲ್ಲ. ಸಸಿ ಏಳಬೇಕಾದರೆ ಕೈ ಬೇಕು. ಲಂಟಾನವನ್ನು ಒಂದು ಸಲ ಕಿತ್ತರೆ ಸಾಲದು. ಬೇರು ಸಮೇತ ಕೀಳಬೇಕು, ಮುಂದಿನ ಮಳೆಗೆ ಹುಟ್ಟಿದ್ದನ್ನು ಮತ್ತೆ ಕೀಳಬೇಕು, ಅದರ ಮುಂದಿನ ಮಳೆಗೂ. ಅಲ್ಲಿ ಊರಿನ ಹುಲ್ಲು ಬಿತ್ತಬೇಕು. ಇದು ಗುತ್ತಿಗೆದಾರ ಮೆಷಿನ್ ತಂದು ಒಂದು ತಿಂಗಳಲ್ಲಿ ಮುಗಿಸಿ ಬಿಲ್ಲು ಮಾಡುವ ಕೆಲಸ ಅಲ್ಲ. ಅಲ್ಲೇ ಇರುವವರು ವರ್ಷಾನುಗಟ್ಟಲೆ ಮಾಡುವ ಕೆಲಸ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯವರು 2004ರ ಸುಮಾರಿಗೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಜನಕ್ಕೆ ಕಲಿಸಿದರು. ಇದೇ ಕಡ್ಡಿಯಲ್ಲಿ ಸೋಲಿಗರೂ ಸೇರಿದಂತೆ ಬುಡಕಟ್ಟಿನವರು ಮಾಡಿದ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳಲ್ಲಿ ನಿಂತಿದ್ದವು! ಕುರ್ಚಿ ಮಾಡಿ ಕಾಡು ಖಾಲಿ ಮಾಡಲು ಆಗುವುದಿಲ್ಲ ನಿಜ. ಆದರೆ ಕೀಳುವ ಕೈಗೆ ಕೂಲಿ ಸಿಗುವ ದಾರಿಗಳಿವೆ ಅಂತ ಗೊತ್ತಾಗುತ್ತದೆ.

ಇನ್ನು ಕಾನೂನು. ನಾವು ವಕೀಲರಲ್ಲ, ಆದರೆ ಓದಲು ಬರುತ್ತದೆ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯಲ್ಲೇ ಇದೆ: ಬಫರ್‌ನ ಗಡಿಯನ್ನು ಸಂಬಂಧಪಟ್ಟ ಗ್ರಾಮಸಭೆಯ ಜೊತೆ ಸಮಾಲೋಚನೆ ಮಾಡಿ ಗೊತ್ತುಮಾಡಬೇಕು. ಅದೇ ವರ್ಷದ ಅರಣ್ಯ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಸಮುದಾಯದ ಕಾಡನ್ನು ಕಾಪಾಡುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕು ಅಲ್ಲಿಯ ಜನರದ್ದು ಅನ್ನುತ್ತದೆ. ಪುನಶ್ಚೇತನದ ಹಕ್ಕು! ಅಂದರೆ ಮುಪ್ಪಾದ ಕಾಡನ್ನು ಮತ್ತೆ ಎಬ್ಬಿಸುವುದು ಸರ್ಕಾರದ ಕೆಲಸ ಮಾತ್ರ ಅಲ್ಲ, ತಾತನ ಹಕ್ಕು ಕೂಡ. ಗಡಿಯ ಆ ಕಡೆ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಪ್ರದೇಶದ ಒಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಈ ಕಡೆ 2008ರ ಒಂದು ಮಧ್ಯಂತರ ಆದೇಶದಿಂದಾಗಿ ಹಕ್ಕುಪತ್ರ ಹಂಚುವ ಕೆಲಸ ತಮಿಳುನಾಡಿನಲ್ಲಿ ಕುಂಟುತ್ತಾ ಹೋಯಿತು. ಸುಪ್ರೀಂ ಕೋರ್ಟು ಆ ಅಡ್ಡಿ ತೆಗೆದದ್ದು 2016ರಲ್ಲಿ. ಅದೇ ಸೋಲಿಗರು, ಅದೇ ಮಾತು, ಅವರವರಲ್ಲೇ ಕೊಟ್ಟು ತಂದ ಸಂಬಂಧ. ನಡುವೆ ಒಂದು ಗೆರೆ. ಅಣ್ಣನಿಗೆ 2011ರಲ್ಲಿ ಸಿಕ್ಕಿದ್ದಕ್ಕೆ ತಮ್ಮ ವರ್ಷಗಟ್ಟಲೆ ಕಾಯಬೇಕಾಯಿತು.

ಗ್ರಾಮಸಭೆ ಅಂದೆವಲ್ಲ, ಅದರದ್ದೂ ಒಂದು ವಿಚಿತ್ರ ಇದೆ. ತಮಿಳುನಾಡಿನಲ್ಲಿ ವರ್ಷಕ್ಕೆ ನಾಲ್ಕು ಗ್ರಾಮಸಭೆ ಇತ್ತು. 2022ರಲ್ಲಿ ಅದನ್ನು ಆರು ಮಾಡಿದರು. ಹೊಸದಾಗಿ ಸೇರಿದ ಎರಡು ದಿನಗಳಲ್ಲಿ ಒಂದು ಯಾವುದು ಗೊತ್ತೇ? ನವೆಂಬರ್ 1. ಇಲ್ಲಿ ಅದು ಸ್ಥಳೀಯ ಆಡಳಿತ ದಿನ. ನಿಮ್ಮಲ್ಲಿ ರಾಜ್ಯೋತ್ಸವದ ಬಾವುಟ ಹಾರುವ ದಿನ ನಮ್ಮಲ್ಲಿ ಗ್ರಾಮಸಭೆ. ನಾವು ನೋಡಿದ ಸಭೆಗಳಲ್ಲಿ ತೀರ್ಮಾನಗಳನ್ನು ಓದುವುದು ತಮಿಳಿನಲ್ಲಿ. ಅದು ರಾಜ್ಯದ ಆಡಳಿತ ಭಾಷೆ, ಅದರಲ್ಲಿ ನಮಗೆ ಜಗಳ ಇಲ್ಲ. ಪೇಟೆ ತಿಳಿದವರಿಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೆ ಲಂಟಾನ ಎಲ್ಲಿ ಎಷ್ಟಿದೆ, ಯಾವ ಹಳ್ಳದಲ್ಲಿ ಬೇಸಿಗೆಗೂ ನೀರು ನಿಲ್ಲುತ್ತದೆ, ಆನೆ ಯಾವ ಕಣಿವೆಯಿಂದ ಇಳಿಯುತ್ತದೆ ಅಂತ ಬಲ್ಲ ಮುದುಕರು ಹಿಂದೆ ಕೂತು, ಹೆಬ್ಬೆಟ್ಟು ಒತ್ತಿ, ಎದ್ದು ಹೋಗುತ್ತಾರೆ. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿರುವ ಕಡೆ ಮುಖ್ಯವಾದ ನೋಟೀಸು, ನಿಯಮಗಳನ್ನು ಅವರ ಭಾಷೆಯಲ್ಲೂ ಕೊಡುವುದು ಒಳ್ಳೆಯದು ಅಂತ 1956ರಲ್ಲೇ ಕೇಂದ್ರ ಸರ್ಕಾರ ಹೇಳಿತ್ತು. ನಮ್ಮ ಹಳ್ಳಿಗಳಲ್ಲಿ ಕನ್ನಡದವರೇ ಹೆಚ್ಚು. ಲೆಕ್ಕ ನೀವೇ ಹಾಕಿ.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಹುಲಿ ಪ್ರದೇಶದ ಯೋಜನೆಯಲ್ಲಿ ನಮ್ಮ ಬೆಟ್ಟಕ್ಕೆ ಸಂಬಂಧಿಸಿದ ಪುಟಗಳನ್ನು ಕನ್ನಡದಲ್ಲೂ ಕೊಡಿ. ಲಂಟಾನ ಕೀಳುವ ಕೆಲಸವನ್ನು ಹಾಡಿಗಳ ಜನಕ್ಕೇ ಕೊಡಿ, ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ. ಎಲ್ಲಿಂದ ಶುರು ಮಾಡಬೇಕು ಅಂತ ತಾತನಂಥವರನ್ನು ಕೇಳಿ. ಆನೆ ತಡೆಯುವ ಕಂದಕ ತೋಡಿದರೆ ಮುಂದಿನ ಮಳೆಗೆ ಮುಚ್ಚಿಹೋಗದ ಹಾಗೆ ನೋಡಿಕೊಳ್ಳುವ ಹೊಣೆಯನ್ನೂ ಹಣವನ್ನೂ ಊರಿಗೆ ಕೊಡಿ. ಬೆಳೆ ಹೋದವನಿಗೆ ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಸಿಗಲಿ. ಇಷ್ಟಾದರೆ ಕಾಡಂಚಿನವನು ಹುಲಿಗೆ ತಾನೇ ಕಾವಲುಗಾರನಾಗುತ್ತಾನೆ.

ನಮ್ಮ ಕೈಲಾದದ್ದನ್ನು ನಾವು ಶುರು ಮಾಡಿದ್ದೇವೆ. ಈಗ ನೋಟೀಸು ಬಂದರೆ ಏಳನೇ ತರಗತಿಯ ಮಕ್ಕಳು ಅದನ್ನು ಕನ್ನಡಕ್ಕೆ ಮಾಡುತ್ತಾರೆ, ನಾವು ತಿದ್ದುತ್ತೇವೆ, ಮನೆಗೆ ಒಯ್ದು ಅಜ್ಜ ಅಜ್ಜಿಗೆ ಓದಿ ಹೇಳುತ್ತಾರೆ. ಅಜ್ಜ ಅಜ್ಜಿ ಹೇಳಿದ್ದನ್ನು ತಮಿಳಿನಲ್ಲಿ ಬರೆದುಕೊಂಡು ಬರುತ್ತಾರೆ. ಮುಂದಿನ ನವೆಂಬರ್ 1ರ ಸಭೆಗೆ ಹಾಗೆ ಬರೆದ ಹಾಳೆಗಳನ್ನು ಒಟ್ಟುಗೂಡಿಸಿ ಕೊಡಬೇಕು ಅಂತಿದ್ದೇವೆ. ಯಾವ ಹಳ್ಳದಲ್ಲಿ ನೀರಿದೆ, ಯಾವ ದಿಣ್ಣೆಯಲ್ಲಿ ಹಿಂದೆ ಹುಲ್ಲಿತ್ತು, ಅಂತ ಮಕ್ಕಳು ಬಿಡಿಸಿದ ನಕ್ಷೆಯೂ ಅದರ ಜೊತೆ ಇರುತ್ತದೆ. ಅದನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ, ಸಭೆ ಮುಗಿದ ಮೇಲೆ ಇಲ್ಲೇ ಬರೆಯುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಕೆಲಸದ ಅನುಭವ ಇದ್ದರೆ ತಿಳಿಸಿ, ನಮಗೆ ಉಪಕಾರವಾಗುತ್ತದೆ.